ಕ್ರೇನ್‌ಗೆ ಬಾಸ್ಕೆಟ್ ಕಟ್ಟಿ ಜನರನ್ನು ಎತ್ತುವ ಮೊದಲು

“ಸರ್, ಹೈಡ್ರಾಗೆ ಬಾಸ್ಕೆಟ್ ಕಟ್ಟಿ ಇಬ್ಬರನ್ನು ಮೇಲೆ ಕಳಿಸಬಹುದಾ? ಹತ್ತೇ ನಿಮಿಷದ ಕೆಲಸ.” ಸೈಟ್ ಇಂಜಿನಿಯರ್‌ಗಳು, ಮೇಸ್ತ್ರಿಗಳು, ಕಾರ್ಖಾನೆಯ ಮೇಂಟೆನೆನ್ಸ್‌ನವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೈಡ್ರಾ ಅಂದರೆ ಸಾಮಾನು ಎತ್ತಿಕೊಂಡು ಟೈರ್ ಮೇಲೆ ಓಡಾಡುವ ಕ್ರೇನ್. ಅದರ ವಿಷಯದಲ್ಲಿ ಉತ್ತರ ಒಂದೇ: ಬೇಡ. ಔಟ್‌ರಿಗರ್ (ಪಕ್ಕಕ್ಕೆ ಚಾಚಿ ನೆಲಕ್ಕೆ ಊರುವ ಕಾಲುಗಳು) ಇರುವ, ಸರಿಯಾದ ಕ್ರೇನ್ ಸಿಕ್ಕರೆ ಮಾಡಬಹುದು. ಆದರೆ ಆಗ ಅದು ಹತ್ತು ನಿಮಿಷದ ಕೆಲಸವಾಗಿ ಉಳಿಯುವುದಿಲ್ಲ. ನೆಲದ ಮೇಲಿನ ತಯಾರಿಗೇ ಅರ್ಧ ದಿನ ಹೋಗಬಹುದು. ಆ ಅರ್ಧ ದಿನದಲ್ಲಿ ಏನೇನು ಮಾಡಬೇಕು ಅನ್ನುವುದೇ ಈ ಲೇಖನ.

ಮ್ಯಾನ್ ಬಾಸ್ಕೆಟ್ ಅಂದರೆ ಸುತ್ತ ರೇಲಿಂಗ್ ಇರುವ ಉಕ್ಕಿನ ಕಟ್ಟೆ. ಅದನ್ನು ಕ್ರೇನ್ ಹುಕ್‌ಗೆ ನೇತುಹಾಕಿ, ಜನ ಅದರೊಳಗೆ ನಿಂತು ಕೆಲಸ ಮಾಡುತ್ತಾರೆ. ಚಿಮಣಿ ತುದಿ, ಕೂಲಿಂಗ್ ಟವರ್, ಸೇತುವೆಯ ಅಡಿಭಾಗ, ಮೆಟ್ರೋ ಕೆಲಸದ ಆಳವಾದ ಶಾಫ್ಟ್, ಇಂಥ ಕಡೆ ಇದರ ಬಳಕೆ ಜಾಸ್ತಿ.

ನಿಯಮಗಳ ಬಗ್ಗೆ ಒಂದು ಮಾತು. ಎತ್ತುವ ಯಂತ್ರ, ಸರಪಳಿ, ರೋಪ್‌ಗಳನ್ನು 12 ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಪೂರ್ತಿ ತಪಾಸಣೆ ಮಾಡಿಸಬೇಕು, ಬರೆದಿರುವ ತೂಕ ಮೀರಿ ಎತ್ತಬಾರದು ಅನ್ನುವುದು 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ ಕಾಲದಿಂದ ನಮ್ಮಲ್ಲಿದೆ. ಆದರೆ ಬಾಸ್ಕೆಟ್‌ನಲ್ಲಿ ಜನರನ್ನು ಎತ್ತುವಾಗ ಹಂತ ಹಂತವಾಗಿ ಏನು ಮಾಡಬೇಕು ಅನ್ನುವ ವಿವರ ಆ ಸೆಕ್ಷನ್‌ನಲ್ಲಿಲ್ಲ. ಅದನ್ನು ಬಿಡಿಸಿ ಬರೆದಿರುವುದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ. 1988ರಲ್ಲಿ ಈ ಬಗ್ಗೆ ನಿಯಮ ತಂದಿತು, 2010ರಲ್ಲಿ ಕ್ರೇನ್ ನಿಯಮಗಳನ್ನೆಲ್ಲ ಹೊಸದಾಗಿ ಬರೆಯುವಾಗ ಇದನ್ನೂ ಸೇರಿಸಿತು. ಕೆಳಗೆ ಬರುವ ಅಂಕಿಗಳು ಹೆಚ್ಚಾಗಿ ಅಲ್ಲಿನವು. ನಿಮ್ಮ ಕಂಪನಿಯ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ.

1. ಮೊದಲು ಕೇಳಿಕೊಳ್ಳಿ: ಬಾಸ್ಕೆಟ್ ಬೇಕೇ ಬೇಕಾ?

ಓಶಾ ನಿಯಮ ಶುರುವಾಗುವುದೇ ನಿಷೇಧದಿಂದ. ಕ್ರೇನ್‌ನಲ್ಲಿ ಜನರನ್ನು ಎತ್ತುವಂತಿಲ್ಲ. ಏಣಿ, ಸ್ಕ್ಯಾಫೋಲ್ಡಿಂಗ್, ಬೂಮ್ ಲಿಫ್ಟ್, ಸಿಸರ್ ಲಿಫ್ಟ್ ಇವುಗಳಿಂದ ಆ ಜಾಗ ಮುಟ್ಟಲು ಆಗದಿದ್ದರೆ, ಅಥವಾ ಅವುಗಳಲ್ಲಿ ಅಪಾಯ ಇನ್ನೂ ಜಾಸ್ತಿ ಇದ್ದರೆ ಮಾತ್ರ ಬಾಸ್ಕೆಟ್.

ಕಾರಣ ಸರಳ. ಬೂಮ್ ಲಿಫ್ಟ್ ಅನ್ನು ಜನರಿಗಾಗಿಯೇ ಮಾಡಿದ್ದಾರೆ. ಒಳಗಿರುವವನ ಕೈಯಲ್ಲೇ ಕಂಟ್ರೋಲ್ ಇರುತ್ತದೆ. ಕ್ರೇನ್ ಸಾಮಾನು ಎತ್ತಲು ಮಾಡಿದ ಯಂತ್ರ. ಬಾಸ್ಕೆಟ್‌ನಲ್ಲಿ ನಿಂತವನ ಕೈಯಲ್ಲಿ ಏನೂ ಇರುವುದಿಲ್ಲ. ನೂರು ಅಡಿ ಕೆಳಗೆ ಕೂತ ಆಪರೇಟರ್ ಅವನನ್ನು ನಡೆಸುತ್ತಾನೆ, ಎಷ್ಟೋ ಸಲ ಅವನ ಮುಖವೂ ಕಾಣದೆ.

“ಬೂಮ್ ಲಿಫ್ಟ್ ಬಾಡಿಗೆ ದುಬಾರಿ, ಕ್ರೇನ್ ಹೇಗೂ ಸೈಟ್‌ನಲ್ಲೇ ನಿಂತಿದೆ” ಅನ್ನುವುದು ಕಾರಣ ಆಗುವುದಿಲ್ಲ. ಬೂಮ್ ಲಿಫ್ಟ್ ನಿಲ್ಲಲು ಜಾಗವೇ ಇಲ್ಲ, ಅಥವಾ ಒಂದು ಬೋಲ್ಟ್ ಬಿಗಿಯಲು 60 ಮೀಟರ್ ಸ್ಕ್ಯಾಫೋಲ್ಡಿಂಗ್ ಕಟ್ಟಿ ಬಿಚ್ಚಬೇಕು, ಅದಕ್ಕೇ ಹತ್ತಾರು ಜನ ದಿನಗಟ್ಟಲೆ ಎತ್ತರದಲ್ಲಿ ಇರಬೇಕಾಗುತ್ತದೆ ಅನ್ನುವುದು ಕಾರಣ. ಆ ಕಾರಣವನ್ನು ಪರ್ಮಿಟ್‌ನಲ್ಲಿ (ಕೆಲಸಕ್ಕೆ ಕೊಡುವ ಅನುಮತಿ ಪತ್ರದಲ್ಲಿ) ಎರಡು ಸಾಲು ಬರೆದು, ಜವಾಬ್ದಾರಿ ಇರುವವರ ಸಹಿ ಹಾಕಿಸಿ. ಬರೆಯಲು ಕೂತಾಗ ಎಷ್ಟೋ ಸಲ ಬೇರೆ ದಾರಿಯೇ ಹೊಳೆಯುತ್ತದೆ.

2. ಕ್ರೇನ್ ಆರಿಸಿ

ಹೈಡ್ರಾ ಯಾಕೆ ಬೇಡ? ಅದು ಸಾಮಾನನ್ನು ಹುಕ್‌ಗೆ ಹಾಕಿಕೊಂಡು ಓಡಾಡುವ ಗಾಡಿ. ಔಟ್‌ರಿಗರ್ ಹಾಕಿ ನಿಲ್ಲುವುದಿಲ್ಲ, ಟೈರ್ ಮೇಲೇ ನಿಲ್ಲುತ್ತದೆ. ಎಡ ಬಲ ಟೈರ್‌ಗಳ ನಡುವೆ 2 ಮೀಟರ್ ಇದೆ ಅಂದುಕೊಳ್ಳಿ. ಒಂದು ಬದಿ 5 ಸೆಂ.ಮೀ. ಕುಸಿದರೆ ಸಾಕು, 12 ಮೀಟರ್ ಎತ್ತರದ ಬೂಮ್ (ಕ್ರೇನ್‌ನ ಉದ್ದ ತೋಳು) ತುದಿ 30 ಸೆಂ.ಮೀ. ಪಕ್ಕಕ್ಕೆ ವಾಲುತ್ತದೆ. ಮೇಲಿರುವವರಿಗೆ ಅದು ಜೋರಾದ ಎಳೆತ. ಜನ ಬಾಸ್ಕೆಟ್‌ನಲ್ಲಿ ಇರುವಾಗ ಇಂಥ ಕ್ರೇನ್ ಮುಂದೆ ಹಿಂದೆ ಓಡಾಡುವಂತೆಯೇ ಇಲ್ಲ. ಓಡಾಡದೆ ಹೈಡ್ರಾ ಕೆಲಸ ನಡೆಯುವುದೂ ಇಲ್ಲ.

ಹಾಗಾದರೆ ಕ್ರೇನ್‌ನಲ್ಲಿ ಏನೇನು ಇರಬೇಕು?

ಆಂಟಿ ಟೂ ಬ್ಲಾಕ್ ಸ್ವಿಚ್. ಹುಕ್ ಬ್ಲಾಕ್ (ಹುಕ್ ಮತ್ತು ಅದರ ರಾಟೆ ಇರುವ ಭಾಗ) ಮೇಲಕ್ಕೆ ಹೋಗಿ ಬೂಮ್ ತುದಿಗೆ ತಾಗಿದರೆ ರೋಪ್ ಹರಿಯಬಹುದು. ತಾಗುವ ಮೊದಲೇ ಕ್ರೇನ್ ಅನ್ನು ನಿಲ್ಲಿಸುವ ಸ್ವಿಚ್ ಇದು. ಇದನ್ನು ತಂತಿಯಿಂದ ಎತ್ತಿ ಕಟ್ಟುವುದು, ಬೈಪಾಸ್ ಕೀ ಹಾಕಿ ಸುಮ್ಮನಾಗಿಸುವುದು ಸೈಟ್‌ಗಳಲ್ಲಿ ಕಾಣುವ ಚಾಳಿ. ಇದೆಯಾ ಎಂದು ಕೇಳಿ ಬಿಡಬೇಡಿ. ಖಾಲಿ ಹುಕ್ ಅನ್ನು ನಿಧಾನಕ್ಕೆ ಮೇಲೆ ತರಿಸಿ, ಕ್ರೇನ್ ತಾನಾಗಿ ನಿಲ್ಲುವುದನ್ನು ಕಣ್ಣಿಂದ ನೋಡಿ.

ಪವರ್ ಲೋವರಿಂಗ್. ಹುಕ್ ಇಳಿಯುವುದು ಮೋಟರ್‌ನ ಹಿಡಿತದಲ್ಲೇ ಆಗಬೇಕು. ಹಳೆಯ ಕೆಲವು ಕ್ರೇನ್‌ಗಳಲ್ಲಿ ಬ್ರೇಕ್ ಸಡಿಲಿಸಿ ಹುಕ್ ಅನ್ನು ಹಾಗೇ ಬೀಳಿಸುವ ಫ್ರೀ ಫಾಲ್ ವ್ಯವಸ್ಥೆ ಇದೆ. ಜನರನ್ನು ಎತ್ತುವಾಗ ಅದರ ಬಳಕೆ ಪೂರ್ತಿ ನಿಷಿದ್ಧ.

ಲೋಡ್ ಇಂಡಿಕೇಟರ್. ತೂಕ, ಬೂಮ್ ಕೋನ, ರೇಡಿಯಸ್ ತೋರಿಸುವ ಕ್ಯಾಬಿನ್ ಪರದೆ. ರೇಡಿಯಸ್ ಅಂದರೆ ಕ್ರೇನ್ ತಿರುಗುವ ನಡುಬಿಂದುವಿನಿಂದ ಹುಕ್‌ವರೆಗಿನ ಅಡ್ಡ ದೂರ. ಈ ಪದ ಮುಂದೆ ತುಂಬ ಬೇಕಾಗುತ್ತದೆ.

ಹುಕ್ಕಿನ ರೋಪ್. ಎತ್ತುವ ತೂಕದ ಕನಿಷ್ಠ ಏಳು ಪಟ್ಟು ತಡೆಯುವಂತಿರಬೇಕು. ತಿರುಚಿಕೊಳ್ಳದಂತೆ ಹೆಣೆದ ನಾನ್ ರೊಟೇಟಿಂಗ್ ರೋಪ್ ಆದರೆ ಹತ್ತು ಪಟ್ಟು.

3. ಬಾಸ್ಕೆಟ್ ನೋಡಿ

ಎಣ್ಣೆ ಡ್ರಮ್ ಕತ್ತರಿಸಿದ್ದು, ಕಾಂಕ್ರೀಟ್ ಬಕೆಟ್, ಹಲಗೆಗೆ ನಾಲ್ಕು ಮೂಲೆ ಹಗ್ಗ, ಇವು ಯಾವುವೂ ಬಾಸ್ಕೆಟ್ ಅಲ್ಲ. ಸೈಟ್ ವೆಲ್ಡರ್ ಉಳಿದ ಕಬ್ಬಿಣದಲ್ಲಿ ಒಂದೇ ರಾತ್ರಿಯಲ್ಲಿ ಮಾಡಿಕೊಟ್ಟದ್ದೂ ಅಲ್ಲ. ಅದರಲ್ಲೂ ಟಿಎಂಟಿ ಸರಳನ್ನು ಬಗ್ಗಿಸಿ, ವೆಲ್ಡ್ ಮಾಡಿ ಎತ್ತುವ ಕೊಂಡಿ ಮಾಡಿದ್ದರೆ ಆ ಬಾಸ್ಕೆಟ್ ಮುಟ್ಟಲೇಬೇಡಿ. ಬಗ್ಗಿಸಿ, ಕಾಯಿಸಿ ಬೆಸೆದ ಜಾಗದಲ್ಲಿ ಸರಳು ಪೆಡಸಾಗುತ್ತದೆ. ಮುನ್ಸೂಚನೆ ಕೊಡದೆ ಪಟ್ಟಂತ ಮುರಿಯುತ್ತದೆ.

ಸರಿಯಾದ ಬಾಸ್ಕೆಟ್ ಅನ್ನು ಇಂಜಿನಿಯರ್ ಲೆಕ್ಕ ಹಾಕಿ ವಿನ್ಯಾಸ ಮಾಡಿರುತ್ತಾರೆ. ತನ್ನ ತೂಕದ ಜತೆಗೆ, ಹೊರಬೇಕಾದ ತೂಕದ ಐದು ಪಟ್ಟು ತಡೆಯುವ ಬಲ ಅದಕ್ಕಿರಬೇಕು. ರೇಲಿಂಗ್ ಎತ್ತರ ಸುಮಾರು 1.1 ಮೀಟರ್. ತಳದಿಂದ ನಡು ರೇಲಿಂಗ್‌ವರೆಗೆ ತಗಡು ಅಥವಾ ಜಾಲರಿ, ಜಾಲರಿಯ ಕಿಂಡಿ ಅರ್ಧ ಇಂಚಿಗಿಂತ ದೊಡ್ಡದಿರಬಾರದು. ಒಳಗಡೆ ಹಿಡಿದುಕೊಳ್ಳಲು ಬೇರೆಯೇ ಒಂದು ಸರಳು ಇರಬೇಕು. ಯಾಕೆಂದರೆ ಹೊರಗಿನ ರೇಲಿಂಗ್ ಹಿಡಿದ ಬೆರಳುಗಳು ಗೋಡೆಗೂ ಬಾಸ್ಕೆಟ್‌ಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತವೆ. ಬಾಗಿಲು ಒಳಕ್ಕೆ ತೆರೆಯಬೇಕು, ತಾನಾಗಿ ತೆರೆದುಕೊಳ್ಳದಂತೆ ಚಿಲಕ ಇರಬೇಕು. ಮೇಲಿಂದ ಏನಾದರೂ ಬೀಳುವ ಸಾಧ್ಯತೆ ಇದ್ದರೆ ಮಾಡು ಬೇಕು.

ಬಾಸ್ಕೆಟ್ ಮೇಲೆ ಒಂದು ಪ್ಲೇಟ್ ಹುಡುಕಿ. ಖಾಲಿ ತೂಕ ಎಷ್ಟು, ಎಷ್ಟು ತೂಕ ಹೊರಬಹುದು ಎಂದು ಅದರಲ್ಲಿ ಕೆತ್ತಿರಬೇಕು. ಪ್ಲೇಟ್ ಇಲ್ಲದ ಬಾಸ್ಕೆಟ್ ಅನ್ನು ಅಲ್ಲೇ ವಾಪಸ್ ಕಳಿಸಿ.

ತಪಾಸಣೆ ಸರ್ಟಿಫಿಕೇಟ್ ಎಷ್ಟು ಹಳೆಯದಿರಬಹುದು? ಬ್ರಿಟನ್‌ನ 1998ರ ಲೋಲರ್ ನಿಯಮ ಸಾಮಾನು ಎತ್ತುವ ಯಂತ್ರಗಳಿಗೆ 12 ತಿಂಗಳು ಕೊಟ್ಟರೂ, ಜನರನ್ನು ಎತ್ತುವವುಗಳಿಗೆ 6 ತಿಂಗಳೇ ಗಡುವು ಇಟ್ಟಿದೆ. ನಾನಾದರೆ ನಮ್ಮಲ್ಲೂ 6 ತಿಂಗಳನ್ನೇ ಹಿಡಿಯುತ್ತೇನೆ. ಗಲ್ಫ್‌ನಲ್ಲಿ ದುಡಿದು ಬಂದ ನಮ್ಮ ರಿಗ್ಗರ್‌ಗಳಿಗೆ, ಅಂದರೆ ಸಾಮಾನನ್ನು ಹುಕ್‌ಗೆ ಕಟ್ಟುವವರಿಗೆ, ಇದು ಹೊಸದೇನಲ್ಲ. ತಪಾಸಣೆ ಸ್ಟಿಕ್ಕರ್‌ನ ತಾರೀಕು ನೋಡದೆ ಅವರು ಒಂದು ಶ್ಯಾಕಲ್ (ಪಿನ್ ಹಾಕಿ ಮುಚ್ಚುವ U ಆಕಾರದ ಕೊಂಡಿ) ಕೂಡ ಕೈಗೆತ್ತಿಕೊಳ್ಳುವುದಿಲ್ಲ.

4. ಹುಕ್, ಸ್ಲಿಂಗ್, ಶ್ಯಾಕಲ್

ಬಾಸ್ಕೆಟ್‌ನ ನಾಲ್ಕು ಮೂಲೆಗಳಿಂದ ಬರುವ ಸ್ಲಿಂಗ್‌ಗಳು (ಹುಕ್‌ಗೆ ನೇತುಹಾಕುವ ರೋಪ್ ಅಥವಾ ಸರಪಳಿಗಳು) ಒಂದು ದೊಡ್ಡ ಉಂಗುರದಲ್ಲಿ ಸೇರಬೇಕು. ಇದನ್ನು ಮಾಸ್ಟರ್ ಲಿಂಕ್ ಅನ್ನುತ್ತಾರೆ. ಒಂದು ಸ್ಲಿಂಗ್ ತುಂಡಾದರೂ ಬಾಸ್ಕೆಟ್ ಪೂರ್ತಿ ಮಗುಚದಂತೆ ಜೋಡಣೆ ಇರಬೇಕು. ನೈಲಾನ್ ಬೆಲ್ಟ್ ಬೇಡ. ಉಕ್ಕಿನ ಅಂಚಿಗೆ ಉಜ್ಜಿದರೆ, ವೆಲ್ಡಿಂಗ್ ಕಿಡಿ ಬಿದ್ದರೆ ಅದು ಬೇಗ ಹಾಳಾಗುತ್ತದೆ. ವೈರ್ ರೋಪ್ ಅಥವಾ ಸರಪಳಿಯೇ ಸರಿ. ಈ ಸ್ಲಿಂಗ್‌ಗಳನ್ನು ಬಾಸ್ಕೆಟ್‌ಗೆ ಮಾತ್ರ ಬಳಸಬೇಕು. ನಿನ್ನೆ ಬೀಮ್ ಎತ್ತಿದ ಸ್ಲಿಂಗ್‌ನಲ್ಲಿ ಇವತ್ತು ಜನರನ್ನು ಎತ್ತುವುದು ಬೇಡ.

ಕ್ರೇನ್ ಹುಕ್‌ನ ಬಾಯಿ ಮುಚ್ಚಿ ಲಾಕ್ ಆಗುವಂತಿರಬೇಕು. ಸ್ಪ್ರಿಂಗ್ ಪಟ್ಟಿ ಮುರಿದು ನೇತಾಡುವ ಹುಕ್‌ಗಳು ನಮ್ಮಲ್ಲಿ ಎಷ್ಟಿವೆ ಎಂದು ನಿಮಗೇ ಗೊತ್ತು, ಅಲ್ವಾ? ಶ್ಯಾಕಲ್ ಬಳಸುವುದಾದರೆ ಬೋಲ್ಟ್, ಅದಕ್ಕೆ ನಟ್, ನಟ್ ಬಿಚ್ಚದಂತೆ ಸ್ಪ್ಲಿಟ್ ಪಿನ್, ಮೂರೂ ಇರುವ ಶ್ಯಾಕಲ್ ತೆಗೆದುಕೊಳ್ಳಿ. ಬರೀ ತಿರುಪಿನ ಪಿನ್ ಇರುವ ಶ್ಯಾಕಲ್ ಅಲುಗಾಟಕ್ಕೆ ಬಿಚ್ಚಿಕೊಳ್ಳಬಹುದು.

5. ತೂಕದ ಲೆಕ್ಕ

ಜಾಸ್ತಿ ಜನ ಎಡವುವುದು ಇಲ್ಲೇ. ಸ್ವಲ್ಪ ನಿಧಾನಕ್ಕೆ ಓದಿ.

ಪ್ರತಿ ಕ್ರೇನ್‌ಗೂ ಒಂದು ಲೋಡ್ ಚಾರ್ಟ್ ಇರುತ್ತದೆ. ಬೂಮ್ ಇಷ್ಟು ಉದ್ದ ಇದ್ದಾಗ, ಇಷ್ಟು ರೇಡಿಯಸ್‌ನಲ್ಲಿ ಎಷ್ಟು ಎತ್ತಬಹುದು ಎಂದು ಹೇಳುವ ಪಟ್ಟಿ. “50 ಟನ್ ಕ್ರೇನ್” ಅಂದರೆ ಎಲ್ಲ ಕಡೆಗೂ 50 ಟನ್ ಎತ್ತುತ್ತದೆ ಎಂದಲ್ಲ. ತನ್ನ ಕಾಲ ಬುಡದಲ್ಲಿ ಮಾತ್ರ ಅಷ್ಟು. ಬೂಮ್ ಚಾಚಿದಂತೆ ಶಕ್ತಿ ಸರ್ರನೆ ಇಳಿಯುತ್ತದೆ.

ಜನರನ್ನು ಎತ್ತುವಾಗ ಆ ಚಾರ್ಟ್‌ನ ಅಂಕಿಯ ಅರ್ಧವನ್ನು ಮಾತ್ರ ಬಳಸಬೇಕು. ಒಟ್ಟು ತೂಕ ಚಾರ್ಟ್‌ನ ಶೇ 50 ದಾಟಬಾರದು.

ಒಟ್ಟು ತೂಕ ಅಂದರೆ ಬರೀ ಜನರ ತೂಕ ಅಲ್ಲ. ಲೆಕ್ಕ ಅರ್ಥವಾಗಲಿ ಎಂದು ಒಂದು ಉದಾಹರಣೆ (ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಕ್ರೇನ್ ಚಾರ್ಟ್ ಬೇರೆ ಇರುತ್ತದೆ):

ಖಾಲಿ ಬಾಸ್ಕೆಟ್ 420 ಕೆ.ಜಿ.
ಹುಕ್ ಬ್ಲಾಕ್ 450 ಕೆ.ಜಿ.
ಸ್ಲಿಂಗ್, ಶ್ಯಾಕಲ್ 40 ಕೆ.ಜಿ.
ಇಬ್ಬರು ಕೆಲಸಗಾರರು, ಹೆಲ್ಮೆಟ್ ಬೆಲ್ಟ್ ಸೇರಿ ತಲಾ 100ರಂತೆ 200 ಕೆ.ಜಿ.
ಸಲಕರಣೆ 60 ಕೆ.ಜಿ.
ಒಟ್ಟು 1,170 ಕೆ.ಜಿ.

ಇಬ್ಬರನ್ನು ಎತ್ತಲು ಹೊರಟು ಒಂದು ಟನ್ ದಾಟಿಯಾಯಿತು. ಕೆಳಗೆ ಬಿಟ್ಟ ರೋಪ್ ಉದ್ದವಾಗಿದ್ದರೆ ಅದರ ತೂಕವನ್ನೂ ಸೇರಿಸಿ. ಬೂಮ್ ಪಕ್ಕದಲ್ಲಿ ಫ್ಲೈ ಜಿಬ್ (ಬೂಮ್ ತುದಿಗೆ ಜೋಡಿಸುವ ಹೆಚ್ಚುವರಿ ತೋಳು) ಮಡಚಿಟ್ಟಿದ್ದರೆ ಅದಕ್ಕೆ ಎಷ್ಟು ಕಳೆಯಬೇಕು ಎಂದು ಚಾರ್ಟ್‌ನಲ್ಲೇ ಬರೆದಿರುತ್ತದೆ.

ಈಗ ಚಾರ್ಟ್ ನೋಡೋಣ. ಜನ ಹತ್ತುವ ಜಾಗ 8 ಮೀಟರ್ ರೇಡಿಯಸ್‌ನಲ್ಲಿದೆ, ಅಲ್ಲಿ ಚಾರ್ಟ್ 14 ಟನ್ ಅನ್ನುತ್ತದೆ. ಅರ್ಧ 7 ಟನ್. ಆರಾಮ. ಕೆಲಸದ ಜಾಗ 20 ಮೀಟರ್‌ನಲ್ಲಿದೆ, ಚಾರ್ಟ್ 3.6 ಟನ್, ಅರ್ಧ 1.8 ಟನ್. ಇನ್ನೂ ಸರಿ. ಆದರೆ ನಡುವೆ ಪೈಪ್‌ರ‍್ಯಾಕ್ ಇದೆ, ಅದನ್ನು ಬಳಸಿ ಹೋಗಲು ಬೂಮ್ 26 ಮೀಟರ್‌ಗೆ ಚಾಚಬೇಕು. ಅಲ್ಲಿ ಚಾರ್ಟ್ 1.9 ಟನ್, ಅರ್ಧ 950 ಕೆ.ಜಿ. ಮಾತ್ರ. ನಮ್ಮ ತೂಕ 1,170. ಈ ಕ್ರೇನ್ ಆಗುವುದಿಲ್ಲ. ಒಂದೋ ಕ್ರೇನ್ ನಿಲ್ಲುವ ಜಾಗ ಬದಲಿಸಬೇಕು, ಇಲ್ಲವೇ ದೊಡ್ಡ ಕ್ರೇನ್ ತರಬೇಕು.

ಹತ್ತುವ ಜಾಗ, ಕೆಲಸದ ಜಾಗ ಎರಡನ್ನೇ ನೋಡಿ ಲೆಕ್ಕ ಮುಗಿಸಬೇಡಿ. ದಾರಿಯಲ್ಲಿ ಬೂಮ್ ಅತಿ ಹೆಚ್ಚು ಚಾಚುವ ಬಿಂದುವನ್ನು ಹಿಡಿಯಿರಿ. “26 ಮೀಟರ್‌ನಲ್ಲಿ 1.9 ಟನ್ ಎತ್ತುತ್ತದಲ್ಲ ಸರ್, ನಮ್ಮದು ಬರೀ 1.2” ಎಂದು ಆಪರೇಟರ್ ವಾದ ಮಾಡುತ್ತಾನೆ. ಲೋಡ್ ಇಂಡಿಕೇಟರ್ ಕೂಡ ಹಸಿರು ದೀಪವನ್ನೇ ತೋರಿಸುತ್ತದೆ. ಅದಕ್ಕೆ ಒಳಗೆ ಜನ ಇದ್ದಾರೆ ಎಂದು ಗೊತ್ತಿಲ್ಲ. ಅರ್ಧದ ಲೆಕ್ಕ ನೀವೇ ಇಡಬೇಕು.

6. ನೆಲ

ಔಟ್‌ರಿಗರ್ ಅಂದರೆ ಕ್ರೇನ್‌ನ ಪಕ್ಕಕ್ಕೆ ಚಾಚುವ ಕಾಲುಗಳು, ಸೈಟ್ ಭಾಷೆಯಲ್ಲಿ ಜಾಕಿ. ಚಾರ್ಟ್‌ನಲ್ಲಿ ಹೇಳಿದಷ್ಟೂ ಚಾಚಿ ಲಾಕ್ ಮಾಡಬೇಕು. ಒಂದು ಬದಿಗೆ ಗೋಡೆ ಅಡ್ಡ ಬಂತು ಎಂದು ಅರ್ಧ ಚಾಚಿದರೆ ನೀವು ನೋಡಿದ ಚಾರ್ಟ್‌ಗೆ ಬೆಲೆಯೇ ಇಲ್ಲ.

ಕ್ರೇನ್ ಶೇ 1ರೊಳಗೆ ಮಟ್ಟವಾಗಿರಬೇಕು, ಅಂದರೆ ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಓರೆ, ಅದಕ್ಕಿಂತ ಜಾಸ್ತಿ ಬೇಡ. ಜಾಕಿ ಕೆಳಗೆ ಉಕ್ಕಿನ ಪ್ಲೇಟ್ ಅಥವಾ ಮರದ ಸ್ಲೀಪರ್ ಹಾಕಿ. ಒಂದರ ಮೇಲೊಂದು ಇಟ್ಟಿಗೆ, ಸೈಜುಗಲ್ಲು ಪೇರಿಸುವುದು ಬೇಡ. ಅವು ಒಡೆಯುತ್ತವೆ.

ವಿಜಯಪುರ, ಕಲಬುರಗಿ, ಗದಗ ಕಡೆಯ ಎರೆಮಣ್ಣಿನ ಮೇಲೆ ವಿಶೇಷ ಎಚ್ಚರ ಬೇಕು. ಬೇಸಿಗೆಯಲ್ಲಿ ಕಲ್ಲಿನಂತಿರುವ ಅದೇ ನೆಲ ಒಂದು ಮಳೆ ಬಿದ್ದ ಮೇಲೆ ಮೆತ್ತಗಾಗಿ ಜಾಕಿಯನ್ನು ನುಂಗುತ್ತದೆ. ನಿನ್ನೆ ನೋಡಿದ್ದೆ, ಗಟ್ಟಿ ಇತ್ತು ಅನ್ನುವ ಮಾತು ನಡೆಯುವುದಿಲ್ಲ. ಹೊಸದಾಗಿ ಮಣ್ಣು ತುಂಬಿದ ಪೈಪ್‌ಲೈನ್ ಕಾಲುವೆ, ಚರಂಡಿ ಚೇಂಬರ್, ಹಳೆ ಸೆಪ್ಟಿಕ್ ಟ್ಯಾಂಕ್, ಇವು ಕಣ್ಣಿಗೆ ಕಾಣುವುದಿಲ್ಲ. ಜಾಗ ಬಲ್ಲ ಹಳಬರನ್ನು ಕೇಳಿ.

7. ತಂತಿ ಮತ್ತು ಗಾಳಿ

ಕರೆಂಟ್ ತಂತಿಯಿಂದ ದೂರ ಇರಿ. 350 ಕೆ.ವಿ.ವರೆಗಿನ ಲೈನ್ ಆದರೆ 20 ಅಡಿ, ಅದಕ್ಕೂ ಮೇಲಾದರೆ 50 ಅಡಿಯೊಳಗೆ ಜನರನ್ನು ಎತ್ತುವಂತಿಲ್ಲ. ಅದರೊಳಗೆ ಹೋಗಲೇಬೇಕು ಎಂದಾದರೆ ಬೆಸ್ಕಾಂ, ಹೆಸ್ಕಾಂ, ನಿಮ್ಮ ಭಾಗದ ಕಂಪನಿ ಯಾವುದೋ ಅದಕ್ಕೆ ಬರೆದು ಲೈನ್ ಬಂದ್ ಮಾಡಿಸಿ, ಅರ್ತಿಂಗ್ ಹಾಕಿಸಿ. ಲೈನ್‌ಮನ್ ಫೋನ್‌ನಲ್ಲಿ “ಆಫ್ ಮಾಡಿದೀನಿ” ಅಂದದ್ದು ಸಾಲದು.

ಗಾಳಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ದಾಟಿದರೆ ಮುಂದುವರಿಯಬೇಕಾ ಎಂದು ಅರ್ಹ ವ್ಯಕ್ತಿ ತೀರ್ಮಾನಿಸಬೇಕು ಎನ್ನುತ್ತದೆ ನಿಯಮ. ನನ್ನ ಸಲಹೆ ಇನ್ನೂ ಸರಳ: ದಾಟಿದರೆ ಇಳಿಸಿ. ಸಣ್ಣ ಮರಗಳು ಇಡಿಯಾಗಿ ತೂಗಾಡಲು ಶುರು ಮಾಡುವ ಗಾಳಿ ಅದು. ಅಳೆಯಬೇಕಾದದ್ದು ಬಾಸ್ಕೆಟ್ ಇರುವ ಎತ್ತರದಲ್ಲಿ, ನೆಲದಲ್ಲಲ್ಲ. ಮೇಲೆ ಗಾಳಿ ಸಾಮಾನ್ಯವಾಗಿ ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಹೇಳದೆ ಕೇಳದೆ ಬರುತ್ತದೆ. ಆ ದಿನಗಳಲ್ಲಿ ಬಾಸ್ಕೆಟ್ ಕೆಲಸವನ್ನು ಬೆಳಗ್ಗೆಯೇ ಮುಗಿಸುವಂತೆ ಇಟ್ಟುಕೊಳ್ಳಿ.

8. ಎಲ್ಲರನ್ನೂ ಕೂರಿಸಿ ಮಾತಾಡಿ

ಆಪರೇಟರ್, ಸಿಗ್ನಲ್‌ಮ್ಯಾನ್, ರಿಗ್ಗರ್, ಮೇಲೆ ಹೋಗುವವರು, ಕೆಲಸದ ಉಸ್ತುವಾರಿ, ಇಷ್ಟೂ ಜನ ಒಂದೇ ಕಡೆ ನಿಂತು ಮಾತಾಡಬೇಕು. ಹೊಸಬ ಬಂದರೆ ಅವನಿಗೆ ಮತ್ತೆ ಹೇಳಬೇಕು.

ಸಿಗ್ನಲ್ ಕೊಡುವವನು ಒಬ್ಬನೇ. “ನಿಲ್ಲಿಸು” ಅನ್ನುವ ಸಿಗ್ನಲ್ ಮಾತ್ರ ಯಾರು ಕೊಟ್ಟರೂ ಆಪರೇಟರ್ ನಿಲ್ಲಿಸಬೇಕು. ನಮ್ಮ ಸೈಟ್‌ಗಳಲ್ಲಿ ಆಪರೇಟರ್ ಬಿಹಾರದವನು, ರಿಗ್ಗರ್ ಬಂಗಾಳದವನು, ಸೂಪರ್‌ವೈಸರ್ ನಮ್ಮವನು. ಎತ್ತು, ಇಳಿಸು ಅನ್ನಲು ಒಬ್ಬನಿಗೆ ‘ಆರಿಯಾ, ಹಬೇಸ್’ ಪದಗಳ ರೂಢಿ, ಇನ್ನೊಬ್ಬನಿಗೆ ‘ಅಪ್, ಡೌನ್’. ಯಾವ ಪದ, ಯಾವ ಕೈಸನ್ನೆ ಎಂದು ಮೊದಲೇ ಒಪ್ಪಿಕೊಂಡು ಒಂದೆರಡು ಸಲ ಹೇಳಿಸಿ ನೋಡಿ. ವಾಕಿಟಾಕಿಗೆ ಬೇರೆ ಯಾರೂ ಬಳಸದ ಚಾನೆಲ್ ಇಡಿ. ಎರಡೂ ಕಡೆ ಬ್ಯಾಟರಿ ನೋಡಿ. ಮಾತು ನಿಂತರೆ ಕ್ರೇನ್ ನಿಲ್ಲಬೇಕು.

ಇದೇ ಹೊತ್ತಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿ: ಬಾಸ್ಕೆಟ್ ಮೇಲಿರುವಾಗ ಕ್ರೇನ್ ಕೆಟ್ಟರೆ? ಹೈಡ್ರಾಲಿಕ್ ಹೋಸ್ ಒಡೆಯಬಹುದು, ಎಂಜಿನ್ ನಿಲ್ಲಬಹುದು, ಮೇಲಿರುವವನಿಗೆ ತಲೆಸುತ್ತಬಹುದು. ಆ ಕ್ರೇನ್‌ನಲ್ಲಿ ತುರ್ತಾಗಿ ಇಳಿಸುವ ವ್ಯವಸ್ಥೆ ಇದ್ದರೆ ಆಪರೇಟರ್ ಅದನ್ನು ತೋರಿಸಿಕೊಡಲಿ. ಇಲ್ಲದಿದ್ದರೆ ಎರಡನೇ ಕ್ರೇನ್ ಎಲ್ಲಿದೆ, ಬರಲು ಎಷ್ಟು ಹೊತ್ತು ಎಂದು ಬರೆದಿಡಿ. ‘ಫೈರ್‌ನವರನ್ನು ಕರೆಯೋದು’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಅಗ್ನಿಶಾಮಕ ದಳದ ಬಳಿ 90 ಮೀಟರ್ ಏರುವ ಏಣಿ ವಾಹನ ಇದೆ, ನಿಜ. ಸೇಡಂನ ಸಿಮೆಂಟ್ ಕಾರ್ಖಾನೆಗೆ ಅದು ಬರುವವರೆಗೆ ಕಾಯಲು ಆಗುತ್ತದೆಯೇ? 112 ಮತ್ತು 108ಕ್ಕೆ ಕರೆ ಮಾಡುವವನು ಯಾರು, ಗೇಟ್‌ನಿಂದ ಆಂಬುಲೆನ್ಸ್‌ಗೆ ದಾರಿ ತೋರಿಸುವವನು ಯಾರು, ಹೆಸರು ಹಿಡಿದು ಹೇಳಿ.

9. ಮೊದಲು ತೂಕ, ಆಮೇಲೆ ಜನ

ಎರಡು ಪರೀಕ್ಷೆ ಇವೆ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ಪ್ರೂಫ್ ಟೆಸ್ಟ್. ಬಾಸ್ಕೆಟ್ ಮತ್ತು ಸ್ಲಿಂಗ್‌ಗಳ ಬಲ ಪರೀಕ್ಷೆ. ಪ್ಲೇಟ್‌ನಲ್ಲಿ ಬರೆದ ಸಾಮರ್ಥ್ಯದ ಶೇ 125ರಷ್ಟು ತೂಕವನ್ನು ಸಮನಾಗಿ ಹರಡಿ, ಎತ್ತಿ, 5 ನಿಮಿಷ ನೇತುಬಿಡಬೇಕು. ಇಳಿಸಿ ವೆಲ್ಡಿಂಗ್, ಕೊಂಡಿ, ಸ್ಲಿಂಗ್ ಎಲ್ಲ ನೋಡಬೇಕು. 300 ಕೆ.ಜಿ. ಹೊರುವ ಬಾಸ್ಕೆಟ್ ಆದರೆ 375 ಕೆ.ಜಿ. ಇಡಬೇಕು, 50 ಕೆ.ಜಿ.ಯ ಏಳೂವರೆ ಸಿಮೆಂಟ್ ಚೀಲ. ಬಾಸ್ಕೆಟ್ ಹೊಸ ಸೈಟ್‌ಗೆ ಬಂದಾಗ, ರಿಪೇರಿ ಅಥವಾ ಬದಲಾವಣೆ ಆದಾಗ ಇದನ್ನು ಮಾಡಬೇಕು.

ಎರಡನೆಯದು ಟ್ರಯಲ್ ಲಿಫ್ಟ್. ಇದು ದಾರಿಯ ಪರೀಕ್ಷೆ. ಜನರ ಬದಲು ಅಷ್ಟೇ ತೂಕ ಇಟ್ಟು, ಜನ ಹತ್ತುವ ಜಾಗದಿಂದ ಶುರುಮಾಡಿ, ಅವರು ಹೋಗಬೇಕಾದ ಪ್ರತಿಯೊಂದು ಜಾಗಕ್ಕೂ ಬಾಸ್ಕೆಟ್ ಅನ್ನು ಕೊಂಡೊಯ್ದು ವಾಪಸ್ ತರಬೇಕು. ಆಪರೇಟರ್ ಪ್ರತಿ ಜಾಗದಲ್ಲೂ ರೇಡಿಯಸ್ ಮತ್ತು ತೂಕ ಓದಿ ಹೇಳಲಿ, ನೀವು ಬರೆದುಕೊಳ್ಳಿ, ಅರ್ಧದ ಲೆಕ್ಕಕ್ಕೆ ಹೋಲಿಸಿ. ಕಾಗದದ ಮೇಲೆ 20 ಮೀಟರ್ ಇದ್ದದ್ದು ನಿಜದಲ್ಲಿ 21.5 ಆಗಿರುವುದು ಇಲ್ಲಿ ಗೊತ್ತಾಗುತ್ತದೆ. ಬೂಮ್ ಎಲ್ಲಿ ಪೈಪ್‌ಗೆ ತಾಗುತ್ತದೆ, ಸಿಗ್ನಲ್‌ಮ್ಯಾನ್‌ಗೆ ಎಲ್ಲಿ ಬಾಸ್ಕೆಟ್ ಮರೆಯಾಗುತ್ತದೆ, ಬಿಸಿಲು ಆಪರೇಟರ್ ಕಣ್ಣಿಗೆ ಎಲ್ಲಿ ಹೊಡೆಯುತ್ತದೆ ಅನ್ನುವುದೂ ಇಲ್ಲೇ ಗೊತ್ತಾಗುವುದು.

ಟ್ರಯಲ್ ಲಿಫ್ಟ್ ಪ್ರತಿ ಶಿಫ್ಟ್‌ಗೂ ಬೇಕು, ಜನರನ್ನು ಎತ್ತುವ ತುಸು ಮೊದಲು. ಕ್ರೇನ್ ಜಾಗ ಬದಲಿಸಿದರೆ ಮತ್ತೆ ಬೇಕು, ಬದಲಿಸಿ ಮೊದಲಿನ ಜಾಗಕ್ಕೇ ವಾಪಸ್ ಬಂದರೂ ಬೇಕು. ಊಟಕ್ಕೆ ಹೋದಾಗ ಯಾರೋ ಕ್ರೇನ್ ಅನ್ನು ಬೇರೆ ಕೆಲಸಕ್ಕೆ ಒಯ್ದು ತಂದು ನಿಲ್ಲಿಸಿರುತ್ತಾರೆ. ನಾಲ್ಕು ಅಡಿ ಆಚೀಚೆ ಆಗಿದ್ದರೂ ಲೆಕ್ಕ ಬದಲಾಗುತ್ತದೆ.

ಬಾಸ್ಕೆಟ್ ಇಳಿದ ಮೇಲೆ ರೋಪ್ ನೋಡಿ. ಗಂಟು, ಮಡಿಕೆ ಇಲ್ಲವೇ? ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿಲ್ಲವೇ? ಹುಕ್ ಬಾಸ್ಕೆಟ್‌ನ ನಡುಮಧ್ಯಕ್ಕೆ ಇದೆಯೇ?

10. ಜನ ಹತ್ತಿದ ಮೇಲೆ

ಆ ಕೆಲಸಕ್ಕೆ ಬೇಕಾದವರು ಮಾತ್ರ ಹತ್ತಲಿ. ನೋಡಲು ಬಂದ ಇಂಜಿನಿಯರ್, ಫೋಟೋ ತೆಗೆಯುವವರು ಬೇಡ.

ಸೇಫ್ಟಿ ಬೆಲ್ಟ್ ಅಂದರೆ ಇಡೀ ಮೈಗೆ ಹಾಕುವ ಹಾರ್ನೆಸ್. ಅದರ ಹಗ್ಗವನ್ನು ಬಾಸ್ಕೆಟ್‌ನ ಒಳಗೆ ಗುರುತು ಮಾಡಿದ ಗಟ್ಟಿ ಕೊಂಡಿಗೆ ಹಾಕಬೇಕು. ಪಕ್ಕದ ಕಟ್ಟಡದ ಬೀಮ್‌ಗೆ ಹಾಕಿದರೆ? ಬಾಸ್ಕೆಟ್ ಸರಿದಾಗ ಹಗ್ಗ ಅವನನ್ನು ಹೊರಗೆಳೆಯುತ್ತದೆ. ನೀರಿನ ಮೇಲೆ, ಅಂದರೆ ಬಂದರು ಅಥವಾ ಅಣೆಕಟ್ಟಿನ ಗೇಟ್ ಕೆಲಸದಲ್ಲಿ ನಿಯಮವೇ ಬೇರೆ. ಬಾಸ್ಕೆಟ್ ಸಮೇತ ಮುಳುಗುವ ಭಯ ಇರುವುದರಿಂದ ಅಲ್ಲಿ ಲೈಫ್ ಜಾಕೆಟ್, ರಕ್ಷಣಾ ದೋಣಿ ಬೇಕು. ಹಾರ್ನೆಸ್ ಕಟ್ಟುವ ತೀರ್ಮಾನವನ್ನು ಆ ಕೆಲಸಕ್ಕೆಂದೇ ಬೇರೆಯಾಗಿ ಮಾಡಬೇಕು.

ಎಲ್ಲರೂ ಹತ್ತಿ, ಸಲಕರಣೆ ಇಟ್ಟು, ಬಾಗಿಲು ಹಾಕಿದ ಮೇಲೆ ಬಾಸ್ಕೆಟ್ ಅನ್ನು ನೆಲದಿಂದ ನಾಲ್ಕು ಇಂಚು ಎತ್ತಿ ನಿಲ್ಲಿಸಿ. ಓರೆಯಾಗಿದೆಯಾ, ಸ್ಲಿಂಗ್ ಎಲ್ಲ ಬಿಗಿಯಾಗಿವೆಯಾ ನೋಡಿ. ಆಮೇಲೆ ಮುಂದಕ್ಕೆ. ಮೇಲೇರುವಾಗ ಕೈಕಾಲು, ತಲೆ ಎಲ್ಲ ಒಳಗೇ ಇರಲಿ. ರೇಲಿಂಗ್ ಮೇಲೆ ಹತ್ತಿ ನಿಲ್ಲುವುದು, ಒಳಗೆ ಸ್ಟೂಲು ಇಟ್ಟುಕೊಳ್ಳುವುದು ಬೇಡವೇ ಬೇಡ. ಎಟುಕದಿದ್ದರೆ ಬಾಸ್ಕೆಟ್ ಅನ್ನೇ ಸರಿಸಿ. ಅದು ತಿರುಗುತ್ತಿದ್ದರೆ ಕೆಳಗಿನಿಂದ ಹಿಡಿಯಲು ಟ್ಯಾಗ್ ಲೈನ್, ಅಂದರೆ ಒಂದು ಉದ್ದ ಹಗ್ಗ, ಕಟ್ಟಿಕೊಳ್ಳಿ.

ಆಪರೇಟರ್ ಸೀಟು ಬಿಟ್ಟು ಇಳಿಯುವಂತಿಲ್ಲ. ಟೀ ಕುಡಿಯಲೂ ಇಲ್ಲ. ಅದೇ ಹೊತ್ತಿಗೆ ಕ್ರೇನ್‌ನ ಇನ್ನೊಂದು ಹುಕ್‌ನಲ್ಲಿ ಬೇರೆ ಸಾಮಾನು ಎತ್ತುವಂತಿಲ್ಲ. ಬಾಸ್ಕೆಟ್ ಕೆಳಗಿನ ಜಾಗಕ್ಕೆ ಟೇಪ್ ಕಟ್ಟಿ, ಕಾವಲಿಗೆ ಒಬ್ಬನನ್ನು ನಿಲ್ಲಿಸಿ.

ಮೇಲೆ ಬಾಸ್ಕೆಟ್‌ನಿಂದ ಕಟ್ಟಡಕ್ಕೆ ದಾಟಬೇಕಾದರೆ ಕ್ರಮ ಹೀಗೆ. ಮೊದಲು ಬಾಸ್ಕೆಟ್ ಅನ್ನು ಕಟ್ಟಡಕ್ಕೆ ಕಟ್ಟಬೇಕು. ಕಟ್ಟಿದ್ದೇವೆ ಎಂದು ಆಪರೇಟರ್‌ಗೆ ಹೇಳಿ, ಅವನಿಂದ ಉತ್ತರ ಬರಬೇಕು. ಎರಡು ಹಗ್ಗದ ಹಾರ್ನೆಸ್‌ನ ಒಂದು ಕೊಂಡಿಯನ್ನು ಕಟ್ಟಡದ ಗಟ್ಟಿ ಜಾಗಕ್ಕೆ ಹಾಕಿ, ಆಮೇಲೆ ಬಾಸ್ಕೆಟ್‌ನ ಕೊಂಡಿ ಬಿಚ್ಚಿ ದಾಟಬೇಕು. ವಾಪಸ್ ಬಂದ ಮೇಲೆ ಕಟ್ಟು ಬಿಚ್ಚಿದ್ದೇವೆ ಎಂದು ಹೇಳದೆ ಕ್ರೇನ್ ಅಲುಗಬಾರದು.

ವೆಲ್ಡಿಂಗ್ ಇದ್ದರೆ ಎಲೆಕ್ಟ್ರೋಡ್ ಹೋಲ್ಡರ್ ಬಾಸ್ಕೆಟ್‌ನ ಲೋಹಕ್ಕೆ ತಾಗದಂತೆ ಮುಚ್ಚಿಡಿ. ಅರ್ತ್ ಕ್ಲ್ಯಾಂಪ್ ಅನ್ನು ಬೆಸೆಯುವ ವಸ್ತುವಿಗೇ ಹಾಕಿ, ಬಾಸ್ಕೆಟ್‌ಗಲ್ಲ. ಇಲ್ಲದಿದ್ದರೆ ಕರೆಂಟು ಹುಕ್ಕಿನ ರೋಪ್ ಮೂಲಕ ಹರಿದು ಅದರ ಎಳೆಗಳನ್ನು ಸುಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಗ್ಯಾಸ್ ಸಿಲಿಂಡರ್ ಮೇಲೆ ಒಯ್ಯದೆ ಕೆಳಗೇ ಇಟ್ಟು ಹೋಸ್ ಮಾತ್ರ ಒಯ್ಯಿರಿ.

11. ಇಳಿದ ಮೇಲೆ

ಬಾಸ್ಕೆಟ್ ನೆಲಕ್ಕೆ ಗಟ್ಟಿಯಾಗಿ ಕೂತ ಮೇಲಷ್ಟೇ ಹಾರ್ನೆಸ್ ಬಿಚ್ಚಿ. ಸ್ಲಿಂಗ್, ಶ್ಯಾಕಲ್‌ಗಳನ್ನು ಬಾಸ್ಕೆಟ್ ಜತೆಗೇ ಇಟ್ಟು ಬೀಗ ಹಾಕಿ. ಹೊರಗೆ ಬಿಟ್ಟರೆ ನಾಳೆ ಯಾರೋ ಅದರಲ್ಲಿ ಇಟ್ಟಿಗೆ ಎತ್ತುತ್ತಾರೆ, ತಳ ಬಗ್ಗುತ್ತದೆ, ಹೇಳುವುದೂ ಇಲ್ಲ. ಗೋಡೆಗೆ ಬಡಿದಿದ್ದರೆ, ಸ್ಲಿಂಗ್ ಸಿಕ್ಕಿಕೊಂಡಿದ್ದರೆ ರಿಜಿಸ್ಟರ್‌ನಲ್ಲಿ ಬರೆದು, ಬಾಸ್ಕೆಟ್‌ಗೆ ಕೆಂಪು ಟ್ಯಾಗ್ ಕಟ್ಟಿ ಪಕ್ಕಕ್ಕಿಡಿ. ರಿಪೇರಿ ಆದರೆ ಪ್ರೂಫ್ ಟೆಸ್ಟ್ ಮತ್ತೆ ಮೊದಲಿನಿಂದ. ಟ್ರಯಲ್ ಲಿಫ್ಟ್‌ನಲ್ಲಿ ಬರೆದುಕೊಂಡ ರೇಡಿಯಸ್ ಮತ್ತು ತೂಕದ ಅಂಕಿಗಳನ್ನು ಪರ್ಮಿಟ್ ಜತೆ ಪಿನ್ ಮಾಡಿ ಇಡಿ. ಮುಂದಿನ ಸಲ ಅದೇ ಜಾಗಕ್ಕೆ ಎಷ್ಟು ದೊಡ್ಡ ಕ್ರೇನ್ ತರಿಸಬೇಕು ಎಂದು ಅಂದಾಜು ಮಾಡಲು ಅದು ಬೇಕಾಗುತ್ತದೆ.